ಡೋಲು ನಮ್ಮದು, ಅಪ್ಪಣೆ ಯಾರದು?

ಡೋಲಿನ ಸದ್ದು ಅಂದರೆ ಕರಾವಳಿಯ ಉಳ್ಳವರಿಗೆ ಬಹಳ ಪ್ರೀತಿ. ಬಾರಿಸುವವನು ಮಾತ್ರ ದೂರ ನಿಲ್ಲಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಕೊರಗರ ಡೋಲಿಗಿರುವ ಚರಿತ್ರೆ ಇದು. ಕಂಬಳದ ಹಿಂದಿನ ರಾತ್ರಿ ಇಬ್ಬನಿಯಲ್ಲಿ ಕೂತು ಬಾರಿಸು ಅಂದರೆ ಬಾರಿಸಬೇಕು. ಕೋಣಗಳಿಗಿಂತ ಮೊದಲು ಗದ್ದೆಯಲ್ಲಿ ಓಡು ಅಂದರೆ ಓಡಬೇಕು. ಕೂಲಿ ಕೇಳುವ ಹಾಗಿಲ್ಲ. ಉಗುರು, ಕೂದಲು ಬೆರೆಸಿದ ಅನ್ನ ಕೊಟ್ಟರೆ ತಿನ್ನಬೇಕು. ಇದರ ಹೆಸರು ಅಜಲು. ಇದನ್ನು ಅಪರಾಧ ಅಂತ ಕಾನೂನಿನಲ್ಲಿ ಬರೆಯಲಿಕ್ಕೆ 2000ನೇ ಇಸವಿ ಬರಬೇಕಾಯಿತು.

ಆದ್ದರಿಂದ ಹಾಡು, ಬಡಿತ ನಮ್ಮ ಜನಕ್ಕೆ ಹೊಸತಲ್ಲ. ಹೊಸತಾದದ್ದು ಒಂದೇ. ಯಾರ ಅಪ್ಪಣೆಯೂ ಇಲ್ಲದೆ, ತಮಗಾಗಿ, ಹತ್ತು ಜನ ಒಟ್ಟಿಗೆ ಬೀದಿಯಲ್ಲಿ ನಿಂತು ಹಾಡಿದ್ದು.

ಕೋಟದ ಶಿವರಾಮ ಕಾರಂತರು 1933ರಲ್ಲಿ 'ಚೋಮನ ದುಡಿ' ಬರೆದರು. ಚೋಮನಿಗೆ ಬೇಕಿದ್ದದ್ದು ತಾನೇ ಉಳಲು ಒಂದು ತುಂಡು ಗದ್ದೆ. ಸಿಗಲಿಲ್ಲ. ಅವನ ಸಿಟ್ಟು, ಸಂಕಟ ಎಲ್ಲ ಗುಡಿಸಲೊಳಗೆ ದುಡಿಯ ಮೇಲೆ ತೀರಿತು. ಒಬ್ಬನೇ ಬಾರಿಸಿದ, ಬಾರಿಸುತ್ತಲೇ ಸತ್ತ. ಒಬ್ಬನ ದುಡಿಗೆ ದಣಿಗಳು ಹೆದರುವುದುಂಟೇ?

ಈ ಕಾದಂಬರಿ 1975ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಸಿನಿಮಾ ಆಯಿತು. ಅದೇ ವರ್ಷ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯುತ್ತಿದ್ದ ಕಾಲ ಅದು. ಪುಸ್ತಕದ ಪದ್ಯಗಳು ಮೆರವಣಿಗೆಗೆ ಇಳಿದವು. ಸಾವಿಗೂ ಡಂಗುರಕ್ಕೂ ಊರವರು ಬಡಿಸುತ್ತಿದ್ದ ತಮಟೆಯೇ ಧರಣಿಯ ಮುಂದೆ ನಿಂತಿತು. ಕೋಲಾರದ ಕಡೆಯ ಪಿಚ್ಚಳ್ಳಿ ಶ್ರೀನಿವಾಸರಂಥವರ ಗಂಟಲು ಊರೂರು ತಿರುಗಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. 'ಸಮುದಾಯ'ದ ಜಾಥಾ ಬೀದಿನಾಟಕದ ಜೊತೆಗೆ ಹಾಡನ್ನೂ ಹೊತ್ತು ನಡೆದದ್ದು ಅದೇ ವರ್ಷ.

ಈ ಹಾಡಿನ ಕ್ರಮ ಬಹಳ ಸರಳ. ಒಬ್ಬ ಹೇಳಿಕೊಡುತ್ತಾನೆ, ಉಳಿದವರು ತಿರುಗಿ ಹೇಳುತ್ತಾರೆ. ಅಕ್ಷರ ಬೇಡ, ಮೈಕು ಬೇಡ. ಒಬ್ಬಳೇ ಎದ್ದು ಭಾಷಣ ಮಾಡಲು ಅಂಜುವ ಕೂಲಿ ಹೆಂಗಸು ನೂರು ಜನರ ನಡುವೆ ದನಿ ಎತ್ತುತ್ತಾಳೆ. ಯಾರು ಹಾಡಿದ್ದು ಅಂತ ದಣಿ ಬೆರಳು ತೋರಿಸಲಾರ. ಇದು ಮನರಂಜನೆ ಅಲ್ಲ ಮಾರಾಯ್ರೆ, ಸಂಘಟನೆಯ ಮೊದಲ ಪಾಠ.

ಕರಾವಳಿಯ ಕೊರಗರೂ ಈ ಪಾಠ ಕಲಿತರು, ಕಲಿಸಿದರು. 1993ರ ಹೋರಾಟದ ನೆನಪಿಗೆ ಪ್ರತಿ ವರ್ಷ ಆಗಸ್ಟ್ 18ರಂದು ಅವರು ಭೂಮಿ ಹಬ್ಬ ಮಾಡುತ್ತಾರೆ. ಅಲ್ಲಿ ಡೋಲು ಬಾರಿಸುವುದು ಕಂಬಳದ ಯಜಮಾನನಿಗಾಗಿ ಅಲ್ಲ, ಮನೆಗೆ ಎರಡೂವರೆ ಎಕರೆ ಭೂಮಿ ಕೊಡಿ ಎಂದ ಮಹಮ್ಮದ್ ಪೀರ್ ವರದಿಯನ್ನು ನೆನಪಿಸಲಿಕ್ಕೆ. ಚೋಮ ಕೇಳಿದ್ದೂ ಅದನ್ನೇ. ಈಗ ಕೇಳುವವರು ಒಬ್ಬರಲ್ಲ.

ಹಾಗಂತ ಎಲ್ಲ ಸರಿಹೋಯಿತೇ? 2021ರ ಡಿಸೆಂಬರ್ 27ರ ರಾತ್ರಿ ಬ್ರಹ್ಮಾವರ ತಾಲೂಕಿನ ಕೋಟತಟ್ಟಿನಲ್ಲಿ ಕೊರಗರ ಮನೆಯೊಂದರ ಮೆಹಂದಿ ನಡೆದಿತ್ತು. ಹಾಡಿನ ಸದ್ದು ಜೋರಾಯಿತು ಎಂಬ ನೆಪದಲ್ಲಿ ಪೊಲೀಸರು ನುಗ್ಗಿ ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು ಬಿತ್ತು. ಜನ ಬೀದಿಗಿಳಿದ ಮೇಲೆ ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ನೋಡಿ ಇದರ ನ್ಯಾಯ! ಅವರ ಕಂಬಳಕ್ಕೆ ನಮ್ಮ ಸದ್ದು ರಾತ್ರಿಯಿಡೀ ಬೇಕು. ನಮ್ಮ ಮದುವೆಗೆ ನಮ್ಮ ಸದ್ದು ಗಲಾಟೆ.

ಜಗಳ ಸದ್ದಿನದ್ದಲ್ಲ, ಅಪ್ಪಣೆಯದ್ದು. ಶಾಲೆಯಲ್ಲಿ ಪಾಠ ಮಾಡುವ ಗೆಳೆಯರು 'ಚೋಮನ ದುಡಿ' ಹೇಳುವಾಗ ಅಜಲು ನಿಷೇಧದ ಕಾನೂನನ್ನೂ ಹೇಳಲಿ, ಕೋಟತಟ್ಟಿನ ಲಾಠಿಯನ್ನೂ ಹೇಳಲಿ. ಆಮೇಲೆ ಮಕ್ಕಳನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಒಂದು ಹಾಡು ಹೇಳಿಸಲಿ. ಹಿಂದಿನ ಬೆಂಚಿನ ಮಗುವೂ ಒಂದು ಸಾಲು ಹೇಳಿಕೊಡಲಿ, ಉಳಿದವರು ತಿರುಗಿ ಹೇಳಲಿ.