ಪ್ರೇಮಾ ಕಾರಂತ (1936–2007)

ಕನ್ನಡ ರಂಗಭೂಮಿ ಹಾಗೂ ಚಲನಚಿತ್ರಗಳ ವಸ್ತ್ರವಿನ್ಯಾಸಕಿ, ನಿರ್ದೇಶಕಿ. ಭದ್ರಾವತಿಯಲ್ಲಿ ಜನಿಸಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವ್ಯಾಸಂಗಗೈದ ಈಕೆ, ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯಲ್ಲಿ ಎಳವೆಯಲ್ಲಿಯೇ ಪಳಗಿದ್ದ ರಂಗನಿರ್ದೇಶಕ ಬಿ.ವಿ. ಕಾರಂತರ ಸಹಧರ್ಮಿಣಿಯಾಗಿದ್ದರೂ, ಪತಿಯ ಕೀರ್ತಿಚ್ಛಾಯೆಯಲ್ಲಿ ಅಡಗಿದವರಲ್ಲ. ಜಿ.ವಿ. ಅಯ್ಯರರ ‘ಹಂಸಗೀತೆ’ಗೆ (1975) ವಸ್ತ್ರವಿನ್ಯಾಸವನ್ನೂ ‘ಕುದುರೆ ಮೊಟ್ಟೆ’ಗೆ ಕಲಾನಿರ್ದೇಶನವನ್ನೂ ಒದಗಿಸಿದುದಲ್ಲದೆ, ನೂರಕ್ಕೂ ಮಿಕ್ಕ ನಾಟಕಗಳ ಪಾತ್ರಗಳಿಗೆ ಉಡುಗೆಯನ್ನು ಕಲ್ಪಿಸಿದರು. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿ ತಾವೇ ನಿರ್ದೇಶಿಸಿದ ‘ಫಣಿಯಮ್ಮ’ ಚಿತ್ರದಲ್ಲಿ ಬಾಲವಿಧವೆಯೊಬ್ಬಳ ದೀರ್ಘಜೀವನವನ್ನು ಆಡಂಬರವಿಲ್ಲದೆ ಮೂಡಿಸಿದ ಸಂಯಮಕ್ಕೆ, ನಮ್ಮ ಮಟ್ಟಿಗೆ ಹೇಳುವುದಾದರೆ, ಸೀರೆಯ ಒಂದೊಂದು ನೆರಿಗೆಯ ಅರ್ಥವನ್ನೂ ಬಲ್ಲ ವಿನ್ಯಾಸಕಿಯ ಕಣ್ಣೇ ಮೂಲವೆನ್ನಬೇಕು. ಬೆಂಗಳೂರಿನಲ್ಲಿ ‘ಬೆನಕ ಮಕ್ಕಳ ಕೇಂದ್ರ’ವನ್ನು 1979ರಲ್ಲಿ ಸ್ಥಾಪಿಸಿ, ಮಕ್ಕಳಿಗಾಗಿ ಹಲವಾರು ನಾಟಕಗಳನ್ನು ರಂಗಕ್ಕೆ ತಂದರು.