ಮರದ ರಸ್ತೆಯ ಬಿಲ್ಲು

ಮನೆ ಕಟ್ಟೋ ಮುಂಚೆ ಹೇಳೋ ರೇಟು ಬೇರೆ, ಕೊನೆಗೆ ಆಗೋ ಖರ್ಚು ಬೇರೆ. ರಸ್ತೆಗಳದ್ದೂ ಇದೇ ಕಥೆ. ನಾನಿರೋದು ವಾಷಿಂಗ್ಟನ್ ಡಿ.ಸಿ. ಪಕ್ಕದಲ್ಲಿ. ಈ ಊರಿನ ರಸ್ತೆಗಳ ಇತಿಹಾಸ ಓದ್ತಾ ಹೋದರೆ ಆ ಖರ್ಚು ಎಲ್ಲಿಯವರೆಗೆ ಹೋಗಬಹುದು ಅಂತ ಗೊತ್ತಾಗುತ್ತೆ.

1871ರ ಹೊತ್ತಿಗೆ ಇಲ್ಲಿನ ಪೆನ್ಸಿಲ್ವೇನಿಯಾ ಅವೆನ್ಯೂಗೆ ಮರದ ರಸ್ತೆ ಹಾಕಿದ್ದರು. ಹೌದು, ಮರ! ಇಟ್ಟಿಗೆ ಜೋಡಿಸಿದ ಹಾಗೆ ಮರದ ತುಂಡುಗಳನ್ನ ಸಾಲಾಗಿ ಜೋಡಿಸೋದು. ಕುದುರೆಗಾಡಿಗಳ ಖಡಖಡ ಸದ್ದು ಕಮ್ಮಿ, ಕಲ್ಲಿಗಿಂತ ನುಣುಪು. ಕೆಲಸ ಮುಗಿದ ಖುಷಿಗೆ ಅಲ್ಲೇ ದೊಡ್ಡ ಜಾತ್ರೆಯೂ ಆಯಿತು. ಅದೇ ವರ್ಷ ಲೋಕೋಪಯೋಗಿ ಮಂಡಳಿಯ ಚುಕ್ಕಾಣಿ ಹಿಡಿದ ಅಲೆಕ್ಸಾಂಡರ್ ಶೆಫರ್ಡ್ ಊರ ತುಂಬ ಚರಂಡಿ, ರಸ್ತೆ, ಗಿಡ ಅಂತ ಭರಾಟೆಯಿಂದ ಕೆಲಸ ಶುರುಮಾಡಿದ. ಅದರಲ್ಲಿ ಮೈಲಿಗಟ್ಟಲೆ ಮರದ ರಸ್ತೆ.

ಮಳೆ, ಹಿಮ, ಕುದುರೆ ಗಂಜಲ... ಮರ ಎಷ್ಟು ದಿನ ತಡೆದೀತು? ಕೆಲವೇ ವರ್ಷಗಳಲ್ಲಿ ಕೊಳೆಯಿತು. ರಸ್ತೆ ಹೋಯ್ತು, ಸಾಲ ಉಳೀತು. 1874ರಲ್ಲಿ ಅಮೆರಿಕದ ಕಾಂಗ್ರೆಸ್ಸು ಊರಿನ ಸರ್ಕಾರವನ್ನೇ ರದ್ದು ಮಾಡಿತು. ಮರವೊಂದೇ ಕಾರಣ ಅಲ್ಲ, ಕಪ್ಪು ಜನರ ಮತದಾನ ಸಹಿಸದವರೂ ಇದ್ದರು. ಆದರೆ ಅವರ ಕೈಗೆ ನೆಪ ಕೊಟ್ಟಿದ್ದು ಈ ಸಾಲ. ಇಲ್ಲಿನವರು ತಮ್ಮ ನಗರ ಸರ್ಕಾರವನ್ನು ಮತ್ತೆ ಮತ ಹಾಕಿ ಆರಿಸಿದ್ದು 1974ರಲ್ಲಿ. ನೂರು ವರ್ಷ!

ಕೊಳೆತ ಮರದ ಜಾಗಕ್ಕೆ ಡಾಂಬರು ಬಂತು. 1876ರ ತೀರ್ಮಾನದಂತೆ ಪೆನ್ಸಿಲ್ವೇನಿಯಾ ಅವೆನ್ಯೂನ ಒಂದು ಭಾಗಕ್ಕೆ ಟ್ರಿನಿಡಾಡ್ ದ್ವೀಪದ ಡಾಂಬರಿನ ಕೆರೆ, ಪಿಚ್ ಲೇಕಿನಿಂದ ಮಾಲು ತರಿಸಿದರು. ಇದು ಬಾಳಿಕೆ ಬಂತು. ಡಾಂಬರಿನ ಇನ್ನೊಂದು ಗುಣ ಅಂದರೆ ಹಳೇದನ್ನ ಕೆರೆದು, ಬಿಸಿ ಮಾಡಿ ಮತ್ತೆ ಹಾಕಬಹುದು.

ಆದರೆ ನಾವು ಎಲ್ಲಾ ಕರಿ ಅಂಟನ್ನೂ ಡಾಂಬರು ಅಂದುಬಿಡ್ತೀವಿ. ಕಲ್ಲಿದ್ದಲಿನ ಟಾರೇ ಬೇರೆ, ಬಿಟುಮೆನ್ನೇ ಬೇರೆ. ಶೆಫರ್ಡ್ ಕಾಲದಲ್ಲಿ ಟಾರಿನ ರಸ್ತೆಗಳೂ ಇದ್ದವು. ಆಮೇಲೆ ಆ ಟಾರು ಪಾರ್ಕಿಂಗ್ ಜಾಗಗಳಿಗೆ ಬಳಿಯೋ ಲೇಪದಲ್ಲಿ ಉಳೀತು. ಲೇಪ ಸವೆದು, ಪುಡಿಯಾಗಿ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳ ಸಮೇತ ಮಳೆನೀರಲ್ಲಿ ಹಳ್ಳ ಸೇರುತ್ತೆ. ಟೆಕ್ಸಾಸಿನ ಆಸ್ಟಿನ್ 2006ರಲ್ಲಿ, ವಾಷಿಂಗ್ಟನ್ 2009ರಲ್ಲಿ ಇದನ್ನು ನಿಷೇಧಿಸಿದವು. ಹಳ್ಳದ ಮೀನು, ಕಪ್ಪೆಗಳು ತೆತ್ತ ಬೆಲೆ ಯಾವ ಟೆಂಡರಿನಲ್ಲೂ ಇರಲ್ಲ.

ನಾಳೆಯ ಖರ್ಚನ್ನ ಇವತ್ತೇ ಮೈಮೇಲೆ ಹಾಕಿಕೊಂಡವನೊಬ್ಬ ಇದ್ದ. 1891ರಲ್ಲಿ ಒಹಾಯೋದ ಬೆಲ್‌ಫೌಂಟನ್‌ನಲ್ಲಿ ಜಾರ್ಜ್ ಬಾರ್ಥೊಲೊಮ್ಯೂ ಕಾಂಕ್ರೀಟ್ ರಸ್ತೆ ಹಾಕ್ತೀನಿ ಅಂದಾಗ, 5 ವರ್ಷ ಬಾಳುತ್ತೆ ಅನ್ನೋದಕ್ಕೆ 5,000 ಡಾಲರ್ ಬಾಂಡ್ ಕೊಟ್ಟ. ಅಲ್ಲಿ ಆಗ ಹಾಕಿದ ಕಾಂಕ್ರೀಟು ಕೋರ್ಟ್ ಅವೆನ್ಯೂನಲ್ಲಿ ಇವತ್ತಿಗೂ ಇದೆ. ಸಿಮೆಂಟಿಗೆ ಸುಣ್ಣಕಲ್ಲು ಸುಟ್ಟಾಗ ಗಾಳಿ ಸೇರೋ ಇಂಗಾಲದ ಡೈಆಕ್ಸೈಡಿನ ಲೆಕ್ಕ ಮಾತ್ರ ಆ ಬಾಂಡಲ್ಲೂ ಇರಲಿಲ್ಲ ಬಿಡಿ.

ಬೆಂಗಳೂರಿನಲ್ಲಿ ಡಾಂಬರಾ, ವೈಟ್ ಟಾಪಿಂಗಾ ಅಂತ ಚರ್ಚೆ ಬಂದಾಗಲೆಲ್ಲ ನನಗನ್ನಿಸೋದು ಇಷ್ಟೇ: ಕಿಲೋಮೀಟರಿಗೆ ಎಷ್ಟು ಅಂತ ಕೇಳಿ ಸುಮ್ಮನಾಗಬಾರದು. ವರ್ಷಕ್ಕೆ ಎಷ್ಟು, ಆಮೇಲೆ ಕೊಡೋರು ಯಾರು ಅಂತಲೂ ಕೇಳಬೇಕು. ನಿಮ್ಮೂರಿನ ರಸ್ತೆ ಎಷ್ಟು ಮಳೆಗಾಲ ತಡೀತು, ಹೇಳಿ?