ಸ್ಕೀ ದೋಣಿಯ ಆಯ್ಕೆ: ಸ್ಪರ್ಧೆಗೂ ಸೈ, ಸಂಸಾರಕ್ಕೂ ಸೈ ಎನಿಸಬೇಕಾದರೆ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗಿ ಬಂದವರಿಗೆ ಅಲ್ಲಿನ ಸರೋವರಗಳ ವಾರಾಂತ್ಯದ ನೋಟ ಹೊಸದಲ್ಲ. ವೇಗವಾಗಿ ಓಡುವ ದೋಣಿ, ಅದರ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಕ್ರೀಡಾಪಟು, ದೋಣಿಯೊಳಗೆ ಆತನ ಮಡದಿ, ಮಕ್ಕಳು, ತಿಂಡಿಯ ಡಬ್ಬಿಗಳು. ದಡದಲ್ಲಿ ನಿಂತವರಿಗೆ ಎಲ್ಲ ದೋಣಿಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಆದರೆ ವಾಟರ್ ಸ್ಕೀ ಸ್ಪರ್ಧೆಗೆ ಅಭ್ಯಾಸ ನಡೆಸುವವನು ಬಯಸುವ ದೋಣಿ ಬೇರೆ, ಆರು ಮಂದಿಯ ಕುಟುಂಬ ಬಯಸುವ ದೋಣಿಯೇ ಬೇರೆ. ಒಂದೇ ದೋಣಿಯಿಂದ ಎರಡನ್ನೂ ಸಾಧಿಸಹೊರಟವರು ಹಲವು ವೇಳೆ ಎರಡನ್ನೂ ಕಳೆದುಕೊಳ್ಳುವುದುಂಟು. ಹೊಸ ಸ್ಪರ್ಧಾ ದೋಣಿಯ ಬೆಲೆ ಇಂದು ಒಂದು ಲಕ್ಷ ಡಾಲರಿನ ಆಸುಪಾಸಿನಲ್ಲಿದ್ದು, ಹಲವು ಮಾದರಿಗಳು ಅದನ್ನೂ ಮೀರಿರುವುದರಿಂದ ಈ ತಪ್ಪು ಅಗ್ಗದ್ದಲ್ಲ.

ಈ ಕ್ರೀಡೆ ಆರಂಭವಾದದ್ದು 1922ರಲ್ಲಿ. ಮಿನ್ನೆಸೋಟ ರಾಜ್ಯದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮ್ಯುಯೆಲ್ಸನ್ ಎಂಬ 18 ವರ್ಷದ ತರುಣ ತುದಿ ಬಗ್ಗಿಸಿದ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ದೋಣಿಯ ಹಿಂದೆ ಜಾರಿ ತೋರಿಸಿದ. ಅಂದು ಎಳೆಯಲು ಯಾವ ದೋಣಿಯಾದರೂ ಸಾಕಿತ್ತು. ಸ್ಕೀಗೆಂದೇ ದೋಣಿ ಕಟ್ಟುವ ಉದ್ಯಮ ಬಲಗೊಂಡದ್ದು 1960ರ ದಶಕದಲ್ಲಿ. ಫ್ಲಾರಿಡಾದ ಕರೆಕ್ಟ್ ಕ್ರಾಫ್ಟ್ ಸಂಸ್ಥೆ 1961ರಲ್ಲಿ ‘ಸ್ಕೀ ನಾಟಿಕ್’ ಮಾದರಿಯನ್ನು ಕೈಗೆತ್ತಿಕೊಂಡಿತು. 1968ರಲ್ಲಿ ಟೆನೆಸ್ಸಿಯ ಮಾಸ್ಟರ್‌ಕ್ರಾಫ್ಟ್, 1982ರಲ್ಲಿ ಕ್ಯಾಲಿಫೋರ್ನಿಯದ ಮಾಲಿಬು ಸಂಸ್ಥೆಗಳು ಹುಟ್ಟಿಕೊಂಡವು. ಸ್ಪರ್ಧಾ ದೋಣಿಗಳ ಮಾತು ಬಂದಾಗ ಇಂದಿಗೂ ಮೊದಲು ಕೇಳಿಬರುವುದು ಈ ಮೂರು ಹೆಸರುಗಳೇ.

ಎಲ್ಲ ತಕರಾರಿನ ಮೂಲ ಒಂದು ಅಲೆ

ದೋಣಿ ಓಡಿದಂತೆ ಅದರ ಬೆನ್ನಿಗೆ ನೀರಿನಲ್ಲಿ ಏಳುವ ಅಲೆಗೆ ಕ್ರೀಡೆಯ ಭಾಷೆಯಲ್ಲಿ ‘ವೇಕ್’ ಎನ್ನುತ್ತಾರೆ. ಸ್ಕೀ ದೋಣಿಯ ಗುಣ ದೋಷಗಳೆಲ್ಲ ಬಹುಮಟ್ಟಿಗೆ ಈ ಅಲೆಯ ಮೇಲೆಯೇ ನಿರ್ಣಯವಾಗುತ್ತವೆ.

ಸ್ಲಾಲಮ್ ಸ್ಪರ್ಧೆಯನ್ನು ಗಮನಿಸಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಸ್ಪರ್ಧೆಯ ಹಾದಿಯ ಉದ್ದ 259 ಮೀಟರ್. ದೋಣಿ ನಡುವೆ ನೇರವಾಗಿ ಸಾಗುತ್ತದೆ. ಆ ನಡುಗೆರೆಯಿಂದ 11.5 ಮೀಟರ್ ದೂರದಲ್ಲಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಒಟ್ಟು ಆರು ತೇಲುಗುಂಡುಗಳಿರುತ್ತವೆ. ಸ್ಪರ್ಧಿ ಒಂದೊಂದನ್ನೂ ಸುತ್ತಿ ಬರಬೇಕು. ಪುರುಷರ ಗರಿಷ್ಠ ವೇಗ ಗಂಟೆಗೆ 58 ಕಿ.ಮೀ., ಮಹಿಳೆಯರದು 55 ಕಿ.ಮೀ. ಪುರುಷರ ವೇಗದಲ್ಲಿ ಇಡೀ ಹಾದಿ ಮುಗಿಯಲು ಹಿಡಿಯುವುದು ಕೇವಲ 16 ಸೆಕೆಂಡು. ಯಶಸ್ವಿಯಾದಂತೆಲ್ಲ ಹಗ್ಗವನ್ನು ಕಡಿಮೆ ಮಾಡುತ್ತಾ ಹೋಗುತ್ತಾರೆ: 18.25 ಮೀಟರ್, 16, 14.25, 13, 12, ಮುಂದೆ 11.25. ಕೊನೆಯ ಈ ಅಳತೆಗೆ ಬಂದಾಗ ಹಗ್ಗ ತೇಲುಗುಂಡಿನ ದೂರಕ್ಕಿಂತಲೂ ಗಿಡ್ಡ! ಸ್ಪರ್ಧಿ ತನ್ನ ತೋಳನ್ನೂ ದೇಹವನ್ನೂ ಚಾಚಿಯೇ ಆ ಕೊರತೆಯನ್ನು ತುಂಬಬೇಕು. ಇಂಥವನು ಒಂದು ತುದಿಯಿಂದ ಇನ್ನೊಂದು ತುದಿಗೆ ಧಾವಿಸುವಾಗ ದೋಣಿಯ ಅಲೆಯನ್ನು ಪ್ರತಿ ಸಲವೂ ಅಡ್ಡ ದಾಟಬೇಕಾಗುತ್ತದೆ. ಅಲೆ ಎತ್ತರವಾಗಿದ್ದರೆ, ಗಡುಸಾಗಿದ್ದರೆ ಸ್ಕೀ ಪುಟಿಯುತ್ತದೆ, ಹಿಡಿತ ತಪ್ಪುತ್ತದೆ. ಆದ್ದರಿಂದ ಆತನಿಗೆ ಬೇಕಾದದ್ದು ಅಲೆಯನ್ನೇ ಬಿಡದ ದೋಣಿ. (ಕರಾಮತ್ತಿನ ವಿಭಾಗದವರಿಗೆ ಮಾತ್ರ ನಿಧಾನ ವೇಗದಲ್ಲಿ ಚಿಕ್ಕದಾದರೂ ಅಂಚು ಖಚಿತವಾಗಿರುವ ಅಲೆ ಬೇಕು, ಜಿಗಿತದವರಿಗೆ ಎಂಜಿನ್ನಿನ ಬಲವೇ ಮುಖ್ಯ.)

ಇನ್ನು ಮನೆಯ ಹದಿಹರೆಯದವರ ಬಯಕೆ ಇದಕ್ಕೆ ತೀರ ವಿರುದ್ಧ. ವೇಕ್‌ಬೋರ್ಡ್ ಹಲಗೆಯ ಮೇಲೆ ನಿಂತು ಗಾಳಿಗೆ ಚಿಮ್ಮಲು ಅವರಿಗೆ ದೊಡ್ಡ ಅಲೆಯೇ ಬೇಕು. ಅದಕ್ಕೆಂದೇ ಕಟ್ಟಿದ ದೋಣಿಗಳಲ್ಲಿ ನೀರು ತುಂಬುವ ತೊಟ್ಟಿಗಳಿದ್ದು, ಭಾರ ಹೆಚ್ಚಿಸಿ ದೋಣಿಯನ್ನು ಆಳಕ್ಕೆ ಇಳಿಸಲಾಗುತ್ತದೆ. ಒಂದೇ ತಳ ಎರಡೂ ಬಗೆಯ ಅಲೆಯನ್ನು ಸಮನಾಗಿ ಕೊಡಲಾರದು. ಮಾರಾಟಗಾರರ ಪ್ರಚಾರಪತ್ರಗಳಲ್ಲಿ ‘ಎಲ್ಲಕ್ಕೂ ಒಂದೇ’ ಎಂಬ ಮಾತು ಎಷ್ಟು ದಪ್ಪ ಅಕ್ಷರದಲ್ಲಿದ್ದರೂ ನೀರಿನ ನಿಯಮ ಬದಲಾಗದು.

ಎಂಜಿನ್ ಎಲ್ಲಿದೆ?

ಸಾಂಪ್ರದಾಯಿಕ ಸ್ಪರ್ಧಾ ದೋಣಿ ಸುಮಾರು 20 ಅಡಿ ಉದ್ದದ್ದು. ಅದರ ವಿ-8 ಎಂಜಿನ್ ದೋಣಿಯ ನಟ್ಟನಡುವೆ ಇದ್ದು, ಅಲ್ಲಿಂದ ದಂಡವೊಂದು ನೇರವಾಗಿ ತಳದ ಕೆಳಗಿನ ಪ್ರೊಪೆಲ್ಲರಿಗೆ ಇಳಿಯುತ್ತದೆ. ಇದಕ್ಕೆ ‘ಡೈರೆಕ್ಟ್ ಡ್ರೈವ್’ ಎಂದು ಹೆಸರು. ಭಾರವೆಲ್ಲ ಮಧ್ಯದಲ್ಲಿರುವುದರಿಂದ ದೋಣಿ ಸಪಾಟಾಗಿ ಓಡಿ ಅಲೆ ತಗ್ಗುತ್ತದೆ. ಹಗ್ಗ ಕಟ್ಟುವ ಕಂಬವೂ ನಡುವಿನಲ್ಲೇ ಇರುವುದರಿಂದ ಸ್ಪರ್ಧಿ ಎಷ್ಟೇ ಬಲವಾಗಿ ಪಕ್ಕಕ್ಕೆ ಎಳೆದರೂ ದೋಣಿಯ ಹಿಂಬದಿ ಹೊರಳುವುದಿಲ್ಲ. ತಳದ ರೆಕ್ಕೆಗಳು ಹಾದಿಯನ್ನು ನೇರವಾಗಿಡುತ್ತವೆ. ದೋಣಿ ಸಾಗಬೇಕಾದ ತೇಲುಗುಂಡುಗಳ ಜೋಡಿಯ ನಡುವಿನ ಅಂತರ 2.3 ಮೀಟರ್ ಮಾತ್ರ ಎಂಬುದನ್ನು ನೆನೆದರೆ ಈ ಗುಣದ ಬೆಲೆ ತಿಳಿಯುತ್ತದೆ. ಅನಾನುಕೂಲವೆಂದರೆ ಎಂಜಿನ್ನಿನ ಪೆಟ್ಟಿಗೆ ಮನೆಯ ನಡುಕಂಬದಂತೆ ಕುಳಿತು ಜಾಗವನ್ನು ಎರಡು ಹೋಳು ಮಾಡುತ್ತದೆ. ಹಿಂದೆ ಕುಳಿತ ಅಜ್ಜಿಗೂ ಮುಂದೆ ಕುಳಿತ ಮೊಮ್ಮಗುವಿಗೂ ಮಾತು ನಿಲುಕದು.

‘ವಿ-ಡ್ರೈವ್’ ದೋಣಿಯಲ್ಲಿ ಎಂಜಿನ್ ಹಿಂತುದಿಗೆ ಹೋಗುತ್ತದೆ. ಒಳಗೆ ವಿಶಾಲ ಅಂಗಳ, ಸುತ್ತ ಆಸನ. ಆದರೆ ಹಿಂಬದಿ ಭಾರವಾಗಿ ಅಲೆ ಏಳುತ್ತದೆ. ಮೂರನೆಯ ಬಗೆಯಲ್ಲಿ ಪ್ರೊಪೆಲ್ಲರ್ ದೋಣಿಯ ಹಿಂದಕ್ಕೆ ಹೊರಚಾಚಿಕೊಂಡಿರುತ್ತದೆ. ಇವು ಅಗ್ಗ, ಆಳವಿಲ್ಲದ ನೀರಿನಲ್ಲಿ ಪ್ರೊಪೆಲ್ಲರನ್ನು ಮೇಲೆತ್ತಲೂ ಬಹುದು. ಆದರೆ ನೀರಿಗಿಳಿಯುವ ಮಕ್ಕಳಿಗೂ ತಿರುಗುವ ಅಲಗಿಗೂ ಅಂತರ ತೀರ ಕಡಿಮೆ. ಗಂಭೀರ ಅಭ್ಯಾಸಕ್ಕಾಗಲಿ ಚಿಕ್ಕ ಮಕ್ಕಳಿರುವ ಕುಟುಂಬಕ್ಕಾಗಲಿ ಇದನ್ನು ಮೊದಲ ಆಯ್ಕೆ ಎನ್ನಲಾಗದು.

ಸ್ವಂತ ದೋಣಿ ಸ್ಪರ್ಧೆಗೆ ಹೋಗುವುದೇ ಇಲ್ಲ

ಕೊಳ್ಳುವವರು ಮರೆಯುವ ಸಂಗತಿಯೊಂದಿದೆ. ಸ್ಪರ್ಧೆಗಳಲ್ಲಿ ಎಳೆಯುವ ದೋಣಿಯನ್ನು ಒದಗಿಸುವವರು ಸಂಘಟಕರು. ಅಮೆರಿಕದ ವಾಟರ್ ಸ್ಕೀ ಸಂಸ್ಥೆ ಪರೀಕ್ಷಿಸಿ ಅನುಮೋದಿಸಿದ ಮಾದರಿಗಳನ್ನೇ ಅಲ್ಲಿ ಬಳಸಲಾಗುತ್ತದೆ. ಜಾರ್ಜಿಯ ರಾಜ್ಯದ ಕ್ಯಾಲವೇ ಗಾರ್ಡನ್ಸ್‌ನ ರಾಬಿನ್ ಸರೋವರದಲ್ಲಿ 1959ರಲ್ಲಿ ಆರಂಭವಾದ ಪ್ರಸಿದ್ಧ ಮಾಸ್ಟರ್ಸ್ ಪಂದ್ಯಾವಳಿಯಿರಲಿ, ಊರ ಕ್ಲಬ್ಬಿನ ಪಂದ್ಯವಿರಲಿ, ಸ್ಪರ್ಧಿ ತರುವುದು ತನ್ನ ಸ್ಕೀ ಮತ್ತು ಕೈಗವಸು ಮಾತ್ರ. ಹಾಗಾಗಿ ಮನೆಯ ದೋಣಿ ಅಭ್ಯಾಸದ ದೋಣಿ. ಅದಕ್ಕೆ ಸ್ಪರ್ಧೆಯ ಮುದ್ರೆ ಬೇಕಿಲ್ಲ, ಸ್ಪರ್ಧೆಯ ಅನುಭವ ಕೊಡುವ ಶಕ್ತಿ ಬೇಕು.

ಆ ಅನುಭವದ ಅರ್ಧ ಪಾಲು ವೇಗ ನಿಯಂತ್ರಕದ್ದು. ಹಿಂದೆ ಚಾಲಕನ ಕೈಚಳಕದ ಮೇಲೆ ನಿಂತಿದ್ದ ವೇಗವನ್ನು 1990ರ ದಶಕದಲ್ಲಿ ಕೆನಡಾದ ‘ಪರ್ಫೆಕ್ಟ್ ಪಾಸ್’ ಉಪಕರಣ ಯಂತ್ರಕ್ಕೆ ಒಪ್ಪಿಸಿತು. 2000ರ ದಶಕದ ಕೊನೆಯ ವೇಳೆಗೆ ಜಿಪಿಎಸ್ ಆಧಾರಿತ ‘ಜೀರೋ ಆಫ್’ ಬಂದು ಸ್ಪರ್ಧೆಗಳಲ್ಲಿ ನೆಲೆಯೂರಿತು. ಸ್ಪರ್ಧಿ ಎಳೆದಾಗ ಎಂಜಿನ್ ಎಷ್ಟು ಬೇಗ, ಎಷ್ಟು ಬಲವಾಗಿ ಪ್ರತಿಕ್ರಿಯಿಸಬೇಕು ಎಂಬುದನ್ನು ಅದರಲ್ಲಿ ಎ, ಬಿ, ಸಿ ಹಾಗೂ 1, 2, 3 ಎಂಬ ಆಯ್ಕೆಗಳ ಮೂಲಕ ಹೊಂದಿಸಬಹುದು. ಮನೆಯಲ್ಲಿ ಒಂದು ಬಗೆಯ ಎಳೆತಕ್ಕೆ ಒಗ್ಗಿದ ದೇಹ ಪಂದ್ಯದ ದಿನ ಇನ್ನೊಂದು ಬಗೆಯ ಎಳೆತಕ್ಕೆ ತಡವರಿಸುತ್ತದೆ. ಹೊಳೆಯುವ ಬಣ್ಣ, ದುಬಾರಿ ಸ್ಪೀಕರುಗಳಿಗಿಂತ ಈ ಉಪಕರಣಕ್ಕೆ ಹಣ ಹಾಕುವುದು ಲೇಸು.

ಆರು ಮಂದಿ ಹತ್ತಿದಾಗ

ಪಂದ್ಯದ ದೋಣಿಯಲ್ಲಿ ಚಾಲಕ ಮತ್ತು ಒಬ್ಬ ತೀರ್ಪುಗಾರ, ಹೀಗೆ ಇಬ್ಬರೇ ಇರುತ್ತಾರೆ. ಹೊಗಳಿಕೆಗೆ ಪಾತ್ರವಾಗುವ ಸಪಾಟು ಅಲೆ ಅಂಥ ಹಗುರ ದೋಣಿಯದು. ಇನ್ನೂ ನಾಲ್ವರು ಹತ್ತಿದರೆ ಇನ್ನೂರೈವತ್ತು ಕಿಲೋದಷ್ಟು ಭಾರ ಸೇರಿ ಅಲೆ ಬೇರೆಯೇ ಆಗುತ್ತದೆ. ಜೊತೆಗೆ, ಗಂಟೆಗೆ 55 ಕಿ.ಮೀ. ವೇಗದಲ್ಲಿ ಮೆತ್ತಗಿರುವ ಅಲೆ 40 ಕಿ.ಮೀ. ವೇಗದಲ್ಲಿ ಹಾಗಿರುವುದಿಲ್ಲ, ದೋಣಿ ನಿಧಾನವಾದಷ್ಟೂ ನೀರಿನಲ್ಲಿ ಆಳಕ್ಕೆ ಕೂರುತ್ತದೆ. ತಂದೆಯ ವೇಗದಲ್ಲಿ ಸೊಗಸಾದ ದೋಣಿ ಆಗಷ್ಟೇ ಕಲಿಯುತ್ತಿರುವ ಮಗಳ ವೇಗದಲ್ಲಿ ಆಕೆಯನ್ನು ಬೀಳಿಸಬಹುದು. ಪರೀಕ್ಷಾ ಓಟವನ್ನು ಮಾರಾಟಗಾರನ ಜೊತೆ ಒಂಟಿಯಾಗಿ ಮುಗಿಸದೆ ಮನೆಮಂದಿಯನ್ನೆಲ್ಲ ಕೂರಿಸಿ, ಇಂಧನ ತುಂಬಿಸಿ, ಮನೆಯ ಪ್ರತಿಯೊಬ್ಬ ಸ್ಕೀಪಟುವಿನ ವೇಗದಲ್ಲಿಯೂ ನಡೆಸಬೇಕೆನ್ನುವುದು ಇದಕ್ಕಾಗಿಯೇ.

ಮುಂಭಾಗ ಮುಚ್ಚಿದ ದೋಣಿ ಅಭ್ಯಾಸಕ್ಕೆ ಚೆನ್ನ. ಕುಟುಂಬಕ್ಕೆ ಮುಂದೆಯೂ ಆಸನವಿರುವ ತೆರೆದ ಮೂತಿಯ ಮಾದರಿ ಅನುಕೂಲ. ಆದರೆ ಎಚ್ಚರಿಕೆ ಅಗತ್ಯ. ಸ್ಪರ್ಧಾ ದೋಣಿಯ ಅಂಚು ನೀರಿನಿಂದ ಹೆಚ್ಚು ಎತ್ತರವಿರುವುದಿಲ್ಲ. ಮುಂದೆ ಮೂವರು ಕುಳಿತಿರುವಾಗ ಚಾಲಕ ಥಟ್ಟನೆ ವೇಗ ಇಳಿಸಿದರೆ ಮೂತಿ ಕೆಳಗಿಳಿದು, ದೋಣಿಯದೇ ಅಲೆ ಒಳನುಗ್ಗಬಹುದು. ದೊಡ್ಡ ಅಲೆಗಳೇಳುವ ವಿಶಾಲ ಸರೋವರದ ದಂಡೆಯಲ್ಲಿ ಮನೆಯಿದ್ದವರು ತಗ್ಗಿನ ದೋಣಿಯ ಆಸೆ ಬಿಟ್ಟು ಎತ್ತರದ ಅಂಚಿನ ವಿ-ಡ್ರೈವ್ ಕೊಳ್ಳುವುದೇ ವಿವೇಕ.

ಇದಕ್ಕಿಂತ ಭಯಂಕರವಾದದ್ದು ಕಣ್ಣಿಗೆ ಕಾಣದ ಅಪಾಯ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಕೊಳವೆ ಇರುವುದು ಹಿಂಬದಿಯ ಹಲಗೆಯ ಬುಡದಲ್ಲಿ. ಮಕ್ಕಳು ಕಾಲು ಇಳಿಬಿಟ್ಟು ಕೂರಲು ಇಷ್ಟಪಡುವುದೂ ಅಲ್ಲಿಯೇ. ಎಂಜಿನ್ ಓಡುತ್ತಿರುವಾಗ ಆ ಹಲಗೆಗೆ ಜೋತುಬಿದ್ದು ಆಡುವ ಆಟ ಹಲವರ ಜೀವ ತೆಗೆದ ಬಳಿಕ ಕ್ಯಾಲಿಫೋರ್ನಿಯ 2004ರಲ್ಲಿ ಕಾನೂನು ಮಾಡಿ ಅದನ್ನು ನಿಷೇಧಿಸಿತು. ಡೈರೆಕ್ಟ್ ಡ್ರೈವ್ ಮತ್ತು ವಿ-ಡ್ರೈವ್‌ಗಳಲ್ಲಿ ಪ್ರೊಪೆಲ್ಲರ್ ತಳದ ಕೆಳಗೆ ಅಡಗಿರುವುದು ನಿಜ. ಆ ಧೈರ್ಯದಲ್ಲಿ ಹೊಗೆಯನ್ನು ಮರೆಯಬಾರದು. ಯಾರೇ ಹಿಂಬದಿಯ ಹಲಗೆಗೆ ಕಾಲಿಡುವ ಮುನ್ನ ಎಂಜಿನ್ ನಿಲ್ಲಿಸುವುದು ಮನೆಯ ಕಟ್ಟುನಿಟ್ಟಾದ ನಿಯಮವಾಗಬೇಕು. ಹಾಗೆಯೇ ಎಂಜಿನ್ ಚಾಲೂ ಮಾಡುವ ಮೊದಲು ಪೆಟ್ಟಿಗೆಯೊಳಗಿನ ಪೆಟ್ರೋಲ್ ಆವಿಯನ್ನು ಹೊರಹಾಕಲು ಬ್ಲೋಯರನ್ನು ನಾಲ್ಕು ನಿಮಿಷ ಓಡಿಸಬೇಕು. ವೇಕ್‌ಬೋರ್ಡಿನ ಹಗ್ಗಕ್ಕೆಂದು ಹಾಕಿಸಿದ ಎತ್ತರದ ಕಮಾನಿಗೆ ಗಾಳಿ ತುಂಬಿದ ಟ್ಯೂಬನ್ನು ಕಟ್ಟಿ ಎಳೆಯುವುದೂ ಸಲ್ಲದು.

ಹಳೆಯ ದೋಣಿಯೇ ಜಾಣತನ?

ಬೆಲೆಯ ಹೊಡೆತಕ್ಕೆ ಅಂಜುವವರಿಗೆ ದಾರಿಯಿಲ್ಲದಿಲ್ಲ. ತಯಾರಕರು ಕ್ಲಬ್ಬುಗಳ ಚಾಲಕರು ಮತ್ತು ಸ್ಪರ್ಧಿಗಳಿಗೆ ಪ್ರಚಾರಕ್ಕಾಗಿ ರಿಯಾಯಿತಿಯಲ್ಲಿ ಕೊಡುವ ದೋಣಿಗಳು ಒಂದು ಋತು ಓಡಿ ಮಾರಾಟಕ್ಕೆ ಬರುತ್ತವೆ. ಜೋಪಾನವಾಗಿ ನೋಡಿಕೊಂಡ, ಜೀರೋ ಆಫ್ ಅಳವಡಿಸಿರುವ ಇಂಥ ತೆರೆದ ಮೂತಿಯ ಡೈರೆಕ್ಟ್ ಡ್ರೈವ್ ದೋಣಿ, ಮನೆಯಲ್ಲಿ ಒಬ್ಬರಾದರೂ ನಿಜಕ್ಕೂ ಸ್ಲಾಲಮ್ ಹಾದಿಯಲ್ಲಿ ಅಭ್ಯಾಸ ಮಾಡುವವರಿದ್ದರೆ, ಹಣಕ್ಕೆ ತಕ್ಕ ಆಯ್ಕೆ. ಹತ್ತಿರದಲ್ಲಿ ಸ್ಲಾಲಮ್ ಹಾದಿಯೇ ಇಲ್ಲದವರು ಸ್ಪರ್ಧೆಯ ನೆಪದಲ್ಲಿ ಮಕ್ಕಳನ್ನು ಇಕ್ಕಟ್ಟಿನಲ್ಲಿ ಕೂರಿಸುವುದು ಸರಿಯಲ್ಲ; ತೊಟ್ಟಿ ಖಾಲಿಯಿದ್ದಾಗ ಅಲೆ ತಗ್ಗಿಸುವ ವಿ-ಡ್ರೈವ್ ಅವರಿಗೆ ಸಾಕು.

ಇನ್ನೂ ಹಳೆಯದನ್ನು ಕೊಳ್ಳುವವರು ತಳದ ಒಳಗಟ್ಟನ್ನು ಪರೀಕ್ಷಿಸಬೇಕು. 1990ರ ದಶಕದ ಆರಂಭದವರೆಗೆ ಹಲವು ದೋಣಿಗಳ ಒಳತೊಲೆಗಳು ಮರದವಾಗಿದ್ದವು. ನೀರು ಕುಡಿದು ಅವು ಕೊಳೆತಿದ್ದರೆ ದುರಸ್ತಿಯ ವೆಚ್ಚ ದೋಣಿಯ ಬೆಲೆಯನ್ನೇ ಮೀರೀತು. ಎಂಜಿನ್ ಕೂರಿಸಿದ ಬೋಲ್ಟುಗಳು ಬಿಗಿ ಹಿಡಿಯದಿರುವುದು, ನೆಲ ಮೆತ್ತಗಾಗಿರುವುದು ಇದರ ಲಕ್ಷಣ. ಉತ್ತರದ ಚಳಿ ಪ್ರದೇಶದ ದೋಣಿಯಾದರೆ, ಚಳಿಗಾಲಕ್ಕೆ ಮುನ್ನ ಎಂಜಿನ್ನಿನ ನೀರನ್ನು ಬಸಿದಿದ್ದರೇ ಎಂದು ಕೇಳಬೇಕು. ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಬೀಡುಕಬ್ಬಿಣವನ್ನೂ ಸೀಳುತ್ತದೆ. ದೋಣಿಯನ್ನು ಎಳೆದೊಯ್ಯುವ ವಾಹನದ ಸಾಮರ್ಥ್ಯವನ್ನು ಟ್ರೇಲರಿನ ತೂಕವನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಕೊನೆಯದಾಗಿ, ಇಂಥ ದೋಣಿಗಳು ಹಿಮ್ಮುಖವಾಗಿ ಚಲಿಸುವಾಗ ಚುಕ್ಕಾಣಿಗೆ ಅಷ್ಟಾಗಿ ಮಣಿಯುವುದಿಲ್ಲ, ಪ್ರೊಪೆಲ್ಲರ್ ತಿರುಗುವ ದಿಕ್ಕಿಗನುಗುಣವಾಗಿ ಹಿಂಬದಿ ಒಂದೇ ಮಗ್ಗುಲಿಗೆ ಎಳೆಯುತ್ತದೆ. ಮನೆಯ ದಕ್ಕೆ ಆ ಮಗ್ಗುಲಿಗಿದೆಯೇ ಎಂದು ನೋಡಿಕೊಂಡವರಿಗೆ ದೋಣಿ ಕಟ್ಟುವ ಕೆಲಸ ಪ್ರತಿ ಸಂಜೆಯೂ ಸಲೀಸು.